ಅಮ್ಮನಿಗೆ ಕೊಟ್ಟ ಕುರ್ಚಿ

ಊರಿನ ಮನೆಗೆ ಬೀಗ ಹಾಕಿ ಪುಣೆಗೋ ಹೈದರಾಬಾದಿಗೋ ಬಂದ ತಾಯಿಗೆ ಮಗನ ಫ್ಲ್ಯಾಟಿನಲ್ಲಿ ಮೊದಲು ಸಿಗುವುದು ಒಂದು ಕುರ್ಚಿ. “ಇಷ್ಟು ವರ್ಷ ದುಡಿದದ್ದು ಸಾಕಮ್ಮ, ಸುಮ್ನೆ ಕೂತ್ಕೋ.” ನೀರು ಸೇದಿ, ಹಿಟ್ಟು ರುಬ್ಬಿ, ಅಂಗಳ ಗುಡಿಸಿದ ಮೈ ಅಂದಿನಿಂದ ಟಿ.ವಿ. ಎದುರು ಕೂರುತ್ತದೆ. ಕೆಲವೇ ತಿಂಗಳಲ್ಲಿ ಆಕೆ ಗೋಡೆ ಹಿಡಿದು ಏಳತೊಡಗುತ್ತಾಳೆ. ಗಾಬರಿಯಾದ ಮಗ ಪ್ರೋಟೀನ್ ಪುಡಿಯ ಡಬ್ಬಿ ತರುತ್ತಾನೆ. ಮೈಗಿದ್ದ ಕೆಲಸ ಕಸಿದುಕೊಂಡು ಪುಡಿ ಕೊಟ್ಟರೆ ಕಸುವು ಬಂದೀತೆಂಬ ಈ ನಂಬಿಕೆ ಪ್ರೀತಿಯಿಂದಲೇ ಹುಟ್ಟಿದ್ದು, ಆದರೆ ಸುಳ್ಳು.

ಸುಳ್ಳೆಂದು ತಿಳಿದು ಮೂವತ್ತು ವರ್ಷ ದಾಟಿತು. ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರದಲ್ಲಿದ್ದ 72ರಿಂದ 98 ವರ್ಷದ 100 ಮಂದಿಯನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ, ಒಂದಕ್ಕೆ ಪೌಷ್ಟಿಕ ಪಾನೀಯ, ಒಂದಕ್ಕೆ ಎರಡೂ, ಇನ್ನೊಂದಕ್ಕೆ ಎರಡೂ ಇಲ್ಲ. ಫಲಿತಾಂಶ 1994ರಲ್ಲಿ ಪ್ರಕಟವಾಯಿತು. 10 ವಾರಗಳಲ್ಲಿ ವ್ಯಾಯಾಮ ಮಾಡಿದವರ ಸ್ನಾಯುಬಲ ಸರಾಸರಿ ಶೇ. 113ರಷ್ಟು ಹೆಚ್ಚಿತ್ತು. ಬರೀ ಪಾನೀಯ ಕುಡಿದವರಿಗೆ ಅದರಿಂದ ಬಲ ಬರಲಿಲ್ಲ.

ಹಾಗೆಂದು ಊಟ ಹೇಗಿದ್ದರೂ ನಡೆದೀತು ಎಂದಲ್ಲ. ಭಾರ ಬಿದ್ದ ಸ್ನಾಯು ತನ್ನನ್ನು ಕಟ್ಟಿಕೊಳ್ಳಲು ಪ್ರೋಟೀನ್ ಬೇಕು. ವಯಸ್ಸಾದಂತೆ ಅದೇ ಕೆಲಸಕ್ಕೆ ಇನ್ನಷ್ಟು ಬೇಕು. ವಯಸ್ಕರಿಗೆ ಐಸಿಎಂಆರ್ ಹೇಳುವುದು ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ. 65 ದಾಟಿದವರಿಗೆ 1ರಿಂದ 1.2 ಗ್ರಾಂ ಇರಲಿ ಎನ್ನುತ್ತಾರೆ ವೃದ್ಧಾಪ್ಯದ ತಜ್ಞರು. 60 ಕಿಲೋ ತೂಗುವ ತಾಯಿಗೆ ಅದು ಕನಿಷ್ಠ 60 ಗ್ರಾಂ ಆಯಿತು. ಅನ್ನ, ತಿಳಿಸಾರು, ಸಂಜೆಗೆರಡು ಬಿಸ್ಕತ್ತಿನಲ್ಲಿ ಅಷ್ಟು ಸಿಗದು. ಹುರುಳಿ, ಹೆಸರುಕಾಳು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ತಟ್ಟೆಗೆ ಬರಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು.

“ಈ ವಯಸ್ಸಿನಲ್ಲಿ ಬಿದ್ದುಗಿದ್ದರೆ?” ಎನ್ನುವವರಿದ್ದಾರೆ. ತೊಡೆಯ ಕಸುವು ಕರಗಿದವರೇ ಹೆಚ್ಚು ಬೀಳುವುದು. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 65 ದಾಟಿದವರಿಗೆ 3 ದಿನ ಸಮತೋಲನದ ಅಭ್ಯಾಸ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ಬೆಳಗಿನ ವಾಕಿಂಗ್ ಒಳ್ಳೆಯದೇ, ಇದಕ್ಕೆ ಬದಲಿಯಾಗದು.

ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದೆಂಬ ಗಾದೆ ಮಗನಿಗೂ ಸಲ್ಲುತ್ತದೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ನಲವತ್ತು ದಾಟಿದವನ ಸ್ನಾಯುವೂ ಸದ್ದಿಲ್ಲದೆ ಕರಗುತ್ತಿರುತ್ತದೆ. ಡಬ್ಬಿಯ ದುಡ್ಡಿಗೆ ಕಾಳು ತರಲಿ. ಅಡುಗೆಮನೆಯ ಕೆಲಸದಲ್ಲಿ ತಾಯಿಗೂ ಪಾಲು ಕೊಡಲಿ. ಅದೇ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದನ್ನು ಇಬ್ಬರೂ ಒಟ್ಟಿಗೇ ಶುರುಮಾಡಲಿ.