ನೆಲದ ಕೆಳಗಿನ ನಕ್ಷೆ ಯಾರ ಹತ್ರ ಐತಿ?

ಪ್ಯಾರಿಸ್ಸಿನ ನೆಲದಡಿಯ ಸುರಂಗಗಳಲ್ಲಿ ಟಾರ್ಚ್ ಹಿಡಿದು ಅಡ್ಡಾಡುವ ವಿಡಿಯೋಗಳನ್ನು ನಾವೆಲ್ಲ ಹಾಸ್ಟೆಲಿನಲ್ಲಿ ಕುಂತು ನೋಡೇವಿ. ಅಲ್ಲಿಯ ಕೊಶಾಂ ಆಸ್ಪತ್ರೆಯ ಕೆಳಗೂ ಹಳೇ ಕಲ್ಲಿನ ಖಣಿಗಳಿವೆ. ಊರು ಕಟ್ಟಲು ಸುಣ್ಣದಕಲ್ಲು ತೆಗೆದರು, ತೆಗೆದ ಜಾಗ ಮರೆತರು, ಅದರ ಮೇಲೇ ಮನೆ ಕಟ್ಟಿದರು. 1774ರಲ್ಲಿ ರಸ್ತೆಯೊಂದು ಕುಸಿದಾಗ ಎಚ್ಚರಾತು. 1777ರಲ್ಲಿ ಖಣಿಗಳ ತಪಾಸಣೆಗೆಂದೇ ಒಂದು ಇಲಾಖೆ ಹುಟ್ಟಿತು. ಅದರ ಜನ ಕೆಳಗಿಳಿದು ಅಳೆದರು, ಕಂಬ ಕಟ್ಟಿದರು, ಮೇಲಿನ ರಸ್ತೆಯ ಹೆಸರನ್ನೇ ಕೆಳಗಿನ ಗೋಡೆಯಲ್ಲೂ ಕೆತ್ತಿದರು.

ಅದೇ ಊರಿನ ವಾಲ್ ದ ಗ್ರಾಸ್ ಆಸ್ಪತ್ರೆಯ ದ್ವಾರಪಾಲಕ ಫಿಲಿಬೇರ್ ಆಸ್ಪೇರ್ 1793ರಲ್ಲಿ ಒಬ್ಬನೇ ಕೆಳಗಿಳಿದ. ಅವನ ಶವ ಸಿಕ್ಕಿದ್ದು 1804ರಲ್ಲಿ. ವಿಡಿಯೋ ನೋಡಿದಾಗ ನಮಗೆ ಆಸ್ಪೇರ್ ಆಗುವ ಹುಕಿ ಬರ್ತದ. ಆದರೆ ಆ ಊರನ್ನು ಉಳಿಸಿದ್ದು ಟೇಪು ಹಿಡಿದವರು.

ನಮಗೇನು ಸಂಬಂಧ ಅಂತೀರಾ? ನಮ್ಮ ಸೀಮೆಯಲ್ಲಿ ಜೋಳ ತುಂಬಿಡಲು ಹಗೇವು ತೋಡುತ್ತಿದ್ದರು. ಮನೆಯೊಳಗೆ, ಅಂಗಳದಲ್ಲಿ, ಓಣಿಯಲ್ಲಿ. ಗೋದಾಮು ಬಂದವು, ಹಗೇವು ಮರೆತುಹೋದವು. ಅವುಗಳ ಮೇಲೆ ಕಾಂಕ್ರೀಟ್ ರಸ್ತೆ, ಎರಡಂತಸ್ತಿನ ಮನೆ ಎದ್ದವು. ಕೆಲ ವರ್ಷಗಳ ಹಿಂದೆ ನರಗುಂದದಲ್ಲಿ ನಿಂತ ನೆಲವೇ ಕುಸಿದಾಗ ಎಲ್ಲರ ಬಾಯಲ್ಲೂ ಬಂದದ್ದು ಹಳೇ ಹಗೇವುಗಳ ಮಾತೇ. ಮಳೆನೀರು, ಗಟಾರದ ನೀರು ಇಂಥ ಪೊಳ್ಳಿಗೆ ಇಳಿದರೆ ಗೋಡೆಯ ಮಣ್ಣು ಸಡಿಲಾಗಿ ಮೇಲಿನ ಭಾರ ತಡೆಯೋದಿಲ್ಲ. ಇದನ್ನು ಸಾಯಿಲ್ ಮೆಕ್ಯಾನಿಕ್ಸ್ ಪರೀಕ್ಷೆಗೆ ಬರೀತೀವಿ, ನಮ್ಮ ಓಣಿಗೆ ಹಚ್ಚಿ ನೋಡೋದಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳೇ ಓಣಿಗಳಲ್ಲಿ ಹಗೇವು ಎಲ್ಲಿದ್ದವು ಅಂತ ಹೇಳಬಲ್ಲವರು ಎಂಬತ್ತು ದಾಟಿದ ಅಜ್ಜ-ಅಮ್ಮಂದಿರು. ಅವರು ಹೋದರೆ ಆ ನಕ್ಷೆಯೂ ಹೋಯಿತು. ಅದಕ್ಕೇ ನಮ್ಮ ವಾದ ಇಷ್ಟು: ಸಿವಿಲ್ ವಿಭಾಗದ ಮಿನಿ ಪ್ರಾಜೆಕ್ಟಿಗೆ ಪ್ರತಿ ವರ್ಷ ಒಂದು ಓಣಿ ಹಿಡಿಯೋಣ. ಹಿರಿಯರನ್ನು ಕೇಳಿ, ಟೇಪಿನಿಂದ ಅಳೆದು, ಮೊಬೈಲಿನ ಜಿಪಿಎಸ್‌ನಲ್ಲಿ ಗುರುತು ಹಾಕಿ, ನಕ್ಷೆಯ ಒಂದು ಪ್ರತಿಯನ್ನು ಪಂಚಾಯಿತಿಗೋ ಪುರಸಭೆಗೋ ನಗರಸಭೆಗೋ ಕೊಡೋಣ.

ಒಂದು ಮಾತು ನೆನಪಿರಲಿ: ಯಾವ ಹಗೇವಿಗೂ ಇಳಿಯೋದು ಬ್ಯಾಡ. ಮುಚ್ಚಿದ ಹಗೇವಿನೊಳಗಿನ ಕೆಟ್ಟ ಗಾಳಿ ಜೀವ ತೆಗೀತದ. ಬಾಯಿ ತೆರೆದ ಕೂಡಲೇ ಹಿರಿಯರೂ ಇಳಿಯುತ್ತಿರಲಿಲ್ಲ. ನಮ್ಮ ಕೆಲಸವೆಲ್ಲ ಮೇಲೇ ನಿಂತು ಆಗ್ತದ. ಈ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ಒಂದೇ ಪ್ರಶ್ನೆ ಕೇಳಿ: "ಯವ್ವಾ, ನಮ್ಮ ಹಗೇವು ಎಲ್ಲಿತ್ತು?"