ನೀರಿನಲ್ಲಿ ಬೆಳೆದ ಗಾಂಜಾ: ಬೇರು ಬ್ಯಾಂಕಾಕ್‌ನಲ್ಲಿ, ಕೊಳೆ ನಮ್ಮ ಮನೆಯಲ್ಲಿ

ಬ್ಯಾಂಕಾಕ್‌ನಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದಿಳಿದ ಪ್ರಯಾಣಿಕರ ಸೂಟ್‌ಕೇಸ್‌ಗಳಲ್ಲಿ 'ಹೈಡ್ರೋಪೋನಿಕ್ ಗಾಂಜಾ' ಸಿಕ್ಕಿದ ಸುದ್ದಿ 2024 ಮತ್ತು 2025ರಲ್ಲಿ ಮತ್ತೆ ಮತ್ತೆ ಪ್ರಕಟವಾಗಿದೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಇಂಥದೇ ಪ್ರಕರಣಗಳು ಬೆಳಕಿಗೆ ಬಂದಿವೆ. ಕಸ್ಟಮ್ಸ್ ಅಧಿಕಾರಿಗಳು ಈ ಮಾಲಿಗೆ ಸಾಮಾನ್ಯವಾಗಿ ಕಿಲೋಗೆ ಸುಮಾರು 1 ಕೋಟಿ ರೂಪಾಯಿ ಬೆಲೆ ಕಟ್ಟುತ್ತಾರೆ. ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಿಂದ ಕದ್ದು ಸಾಗಿಸುವ ಮಾಮೂಲಿ ಗಾಂಜಾದ ದರ ಇದರ ಹತ್ತಿರಕ್ಕೂ ಬರುವುದಿಲ್ಲ.

ಸಿಕ್ಕಿಬಿದ್ದವರಲ್ಲಿ ಪಳಗಿದ ಕಳ್ಳಸಾಗಣೆದಾರರಿಗಿಂತ ಸಾಮಾನ್ಯ ಮನೆಗಳಿಂದ ಬಂದ ಯುವಕ ಯುವತಿಯರೇ ಕಣ್ಣಿಗೆ ಬೀಳುತ್ತಾರೆ. ಆದ್ದರಿಂದ ಈ ವ್ಯವಹಾರದ ಒಳಗುಟ್ಟನ್ನು ಮುಂಬಯಿಯ ಕನ್ನಡಿಗ ಕುಟುಂಬಗಳು ಮತ್ತು ನಮ್ಮ ಸಂಘ-ಸಂಸ್ಥೆಗಳು ಅರಿತುಕೊಳ್ಳುವುದು ಅಗತ್ಯ. ಒಂದೇ ಗಿಡದ ಹೂವಿಗೆ ಇಷ್ಟೊಂದು ಬೆಲೆ ಹೇಗೆ ಬಂತು? ಆ ಬೆಲೆಯಲ್ಲಿ ಯಾರ ಪಾಲು ಎಷ್ಟು? ನಷ್ಟ ಯಾರ ತಲೆಗೆ? ಉತ್ತರ ಹುಡುಕಲು ಗಿಡದ ಬೇರಿನಿಂದಲೇ ಆರಂಭಿಸಬೇಕು.

ಬೀಜ ಬೇಡ, ಗೆಲ್ಲು ಸಾಕು

ಹೈಡ್ರೋಪೋನಿಕ್ಸ್ ಎಂದರೆ ಮಣ್ಣಿಲ್ಲದೆ, ಗೊಬ್ಬರದ ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವ ವಿಧಾನ. ಇದರಲ್ಲಿ ತಪ್ಪೇನೂ ಇಲ್ಲ. ಸ್ಟಾರ್ ಹೋಟೆಲುಗಳ ಸಲಾಡ್ ಸೊಪ್ಪು ಇದೇ ರೀತಿ ಬೆಳೆಯುತ್ತದೆ. ಇದೇ ವಿಧಾನವನ್ನು ಗಾಂಜಾಕ್ಕೆ ಬಳಸಿದಾಗ ಸಿಗುವ ಮಾಲೇ 'ಹೈಡ್ರೋ'.

ಗಾಂಜಾ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಮಾರುಕಟ್ಟೆಯಲ್ಲಿ ಬೆಲೆಯಿರುವುದು ಪರಾಗ ತಾಗದ ಹೆಣ್ಣು ಹೂವಿಗೆ ಮಾತ್ರ. ಬೀಜ ಬಿತ್ತಿದರೆ ಹೆಚ್ಚುಕಡಿಮೆ ಅರ್ಧದಷ್ಟು ಗಂಡು ಗಿಡಗಳು ಹುಟ್ಟುತ್ತವೆ. ಆದ್ದರಿಂದ ಬೆಳೆಗಾರರು ಒಂದು ಒಳ್ಳೆಯ ಹೆಣ್ಣು ಗಿಡವನ್ನು ತಾಯಿ ಗಿಡವಾಗಿ ಇಟ್ಟುಕೊಂಡು, ಅದರ ಎಳೆ ಗೆಲ್ಲುಗಳನ್ನು ಕತ್ತರಿಸಿ ಬೇರು ಬರಿಸುತ್ತಾರೆ. ಊರಿನಲ್ಲಿ ಮಲ್ಲಿಗೆ, ದಾಸವಾಳ, ಕಾಳುಮೆಣಸಿನ ಬಳ್ಳಿಯನ್ನು ಗೆಲ್ಲು ನೆಟ್ಟು ಹಬ್ಬಿಸಿದವರಿಗೆ ಇದು ಹೊಸ ವಿದ್ಯೆಯಲ್ಲ. ಕತ್ತರಿಸಿದ ಗೆಲ್ಲಿಗೆ ನೀರು ಹೀರಲು ಬೇರಿಲ್ಲ, ಆದರೆ ಎಲೆಯಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚು, ಬೆಳಕು ಕಡಿಮೆ ಇದ್ದರೆ ಒಂದೆರಡು ವಾರದಲ್ಲಿ ಬಿಳಿ ಬೇರು ಮೂಡುತ್ತದೆ. ಇಲ್ಲದಿದ್ದರೆ ಅಷ್ಟರೊಳಗೆ ಬಾಡಿ ಹೋಗುತ್ತದೆ. ಬೇರು ಹಿಡಿಯದ ಗೆಲ್ಲನ್ನು ಬೆಳೆಗಾರ ಕಿತ್ತು ಬಿಸಾಡುತ್ತಾನೆ. ತಾಯಿ ಗಿಡ ಉಳಿದಿರುವ ತನಕ ಅವನಿಗೆ ಅದರ ಚಿಂತೆಯಿಲ್ಲ.

ಕೊಳೆರೋಗದ ದಾಯಾದಿ

ಬೇರು ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರಿನ ಬೇಸಾಯದ ದೊಡ್ಡ ಶತ್ರು ಬೇರು ಕೊಳೆ. ಇದಕ್ಕೆ ಮುಖ್ಯ ಕಾರಣ 'ಪಿಥಿಯಂ' ಎಂಬ ಸೂಕ್ಷ್ಮಜೀವಿ. ಘಟ್ಟದ ಮೇಲೆ ಶುಂಠಿ ಬೆಳೆದವರಿಗೆ ಗಡ್ಡೆ ಕೊಳೆಯಿಸುವ ಈ ಜಾತಿಯ ಪರಿಚಯ ಚೆನ್ನಾಗಿಯೇ ಇದೆ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ ಇವುಗಳ ಮೂಲವಾದ 'ಫೈಟಾಫ್ತೋರ' ಇದರ ದಾಯಾದಿಯೇ. ತೋಟದಲ್ಲಿ ಬೋರ್ಡೋ ದ್ರಾವಣ ಹೊಡೆದು ಕೈ ಸುಟ್ಟುಕೊಂಡವರಿಗೆ ಈ ಕುಲದ ಹಟ ಎಂಥದೆಂದು ವಿವರಿಸಬೇಕಾಗಿಲ್ಲ.

ಈ ಜೀವಿಯ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಹತ್ತಾರು ಗಿಡಗಳಿಗೆ ಒಂದೇ ಟ್ಯಾಂಕಿನ ನೀರು ಸುತ್ತುವ ಕಡೆ, ಒಂದು ಗೆಲ್ಲಿಗೆ ತಗಲಿದ ರೋಗ ಇಡೀ ಸಾಲಿಗೆ ಹರಡಲು ಹೆಚ್ಚು ದಿನ ಬೇಕಿಲ್ಲ. ನೀರು ಬಿಸಿಯಾದಷ್ಟೂ ಅಪಾಯ ಹೆಚ್ಚು. 20 ಡಿಗ್ರಿ ಸೆಲ್ಸಿಯಸ್ಸಿನ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ಉಸಿರುಗಟ್ಟಿದ ಬೇರು ಕಂದು ಬಣ್ಣಕ್ಕೆ ತಿರುಗಿ, ಲೋಳೆಯಾಗಿ, ನಾರತೊಡಗುತ್ತದೆ. ನೀರಿನಲ್ಲೇ ನಿಂತ ಗಿಡ ನೀರಿಲ್ಲದಂತೆ ಬಾಡುತ್ತದೆ.

ಕೊಳೆತ ಬೇರು ಮತ್ತೆ ಬೆಳ್ಳಗಾಗುವುದಿಲ್ಲ. ಕೊಳೆತ ಭಾಗ ಕತ್ತರಿಸಿ, ಟ್ಯಾಂಕ್ ತೊಳೆದು, ನೀರು ತಂಪು ಮಾಡಿ, ಪಂಪಿನಿಂದ ಗಾಳಿ ಊದಿದರೆ ಹೊಸ ಬೇರು ಬಂದೀತು. ರೋಗ ಮುಂದುವರಿದಿದ್ದರೆ ಇಡೀ ಬೆಳೆಯನ್ನು ಕಿತ್ತೆಸೆದು ಮೊದಲಿನಿಂದ ಆರಂಭಿಸುವುದೇ ದಾರಿ. ಕೆಲವರು ಆ ನಷ್ಟ ತಪ್ಪಿಸಲು ಶಿಲೀಂಧ್ರನಾಶಕ ಸುರಿಯುತ್ತಾರೆ. 'ಮಣ್ಣು ಸೋಕದ ಶುದ್ಧ ಮಾಲು' ಎಂಬ ಪ್ರಚಾರವನ್ನು ನಂಬುವ ಕಾಲೇಜು ಹುಡುಗರಿಗೆ ಇದು ತಿಳಿದಿರಬೇಕು. ಕೆನಡಾ 2018ರಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಿದಾಗ, ಮಾರಾಟಕ್ಕೆ ಮುನ್ನ ಪ್ರಯೋಗಾಲಯದ ಪರೀಕ್ಷೆಯ ನಿಯಮವನ್ನೂ ತಂದಿತು. ಸೂಟ್‌ಕೇಸಿನಲ್ಲಿ ಬರುವ ಪೊಟ್ಟಣದ ಮೇಲೆ ಯಾವ ಪರೀಕ್ಷೆಯ ಚೀಟಿಯೂ ಇರುವುದಿಲ್ಲ. ಅದರಲ್ಲಿ ಮತ್ತೇರಿಸುವ ಟಿ.ಎಚ್.ಸಿ. ಅಂಶ ಹೆಚ್ಚಾಗಿರುವಂತೆ ಆರಿಸಿ ಬೆಳೆಸಿರುತ್ತಾರೆ ಎಂಬುದು ಇನ್ನೊಂದು ಅಪಾಯ. ಎಳೆಯ ವಯಸ್ಸಿನಲ್ಲಿ ಇದರ ಅಭ್ಯಾಸ ಹತ್ತಿದರೆ ಮನೋವಿಕಾರದ ಸಾಧ್ಯತೆ ಹೆಚ್ಚುತ್ತದೆ ಎಂದು ವೈದ್ಯರು ಎಚ್ಚರಿಸುತ್ತಲೇ ಬಂದಿದ್ದಾರೆ.

ಥಾಯ್ಲೆಂಡಿನ ಮೂರು ವರ್ಷ

ಬಿಸಿಲಿನ ದೇಶದಲ್ಲಿ ನೀರು ತಂಪು ಮಾಡಲು ಯಂತ್ರ, ಕೋಣೆಗೆ ಎ.ಸಿ., ಹಗಲಿಗೆ ಬದಲು ವಿದ್ಯುತ್ ದೀಪ, ಇವೆಲ್ಲ ಸೇರಿ ಬೆಳೆಯ ಖರ್ಚು ಏರುತ್ತದೆ. ಆದರೂ ಥಾಯ್ಲೆಂಡಿನಲ್ಲಿ ಇದು ಉದ್ಯಮವಾಗಿ ಬೆಳೆದದ್ದಕ್ಕೆ ಅಲ್ಲಿನ ಸರಕಾರದ ತೀರ್ಮಾನ ಕಾರಣ. 2018ರಲ್ಲಿ ವೈದ್ಯಕೀಯ ಬಳಕೆಗೆ ಒಪ್ಪಿಗೆ ಕೊಟ್ಟ ಆ ದೇಶ, 2022ರ ಜೂನ್ 9ರಂದು ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದಲೇ ತೆಗೆಯಿತು. ಆಗ ಆರೋಗ್ಯ ಸಚಿವರಾಗಿದ್ದ ಅನುತಿನ್ ಚಾರ್ನ್‌ವಿರಕುಲ್ ಮನೆಮನೆಗೆ ಹತ್ತು ಲಕ್ಷ ಗಿಡ ಹಂಚುವ ಯೋಜನೆ ಪ್ರಕಟಿಸಿದ್ದರು. ಸಾವಿರಾರು ಅಂಗಡಿಗಳು ತೆರೆದುಕೊಂಡವು. ಬಿಗಿಯಾದ ಕಾನೂನು ಮಾತ್ರ ಹಿಂದೆ ಉಳಿಯಿತು. ಬೆಳೆ ಹೆಚ್ಚಾಗಿ ಸ್ಥಳೀಯ ದರ ಕುಸಿಯಿತು. ಅಲ್ಲಿ ಅಗ್ಗವಾದ ಮಾಲಿಗೆ ಹೊರದೇಶದಲ್ಲಿ ಹಲವು ಪಟ್ಟು ಬೆಲೆ ಇರುವಾಗ ಅದು ಗಡಿ ದಾಟದೆ ಇರುವುದುಂಟೆ? ಬ್ರಿಟನ್ನಿನ ವಿಮಾನ ನಿಲ್ದಾಣಗಳಲ್ಲೂ ಥಾಯ್ಲೆಂಡಿನಿಂದ ಹೋದ ಸೂಟ್‌ಕೇಸ್‌ಗಳು ಸಿಕ್ಕಿಬಿದ್ದವು.

2023ರ ನವೆಂಬರ್‌ನಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ಇಲ್ಲದೆ ಬರಲು ಥಾಯ್ಲೆಂಡ್ ಅವಕಾಶ ಕೊಟ್ಟಿತು. ಪ್ರಾಮಾಣಿಕ ಪ್ರವಾಸಿಗರಿಗೆ ಇದರಿಂದ ಅನುಕೂಲವಾಯಿತು, ಜತೆಗೆ ಮಾಲು ಹೊರಿಸುವವರಿಗೂ ಕೆಲಸ ಸುಲಭವಾಯಿತು. ಕೊನೆಗೆ 2025ರ ಜೂನ್‌ನಲ್ಲಿ ಥಾಯ್ ಸರಕಾರ ಗಾಂಜಾ ಹೂವಿನ ಮಾರಾಟಕ್ಕೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಆದರೆ ಮೂರು ವರ್ಷದಲ್ಲಿ ಹುಟ್ಟಿಕೊಂಡ ಜಾಲ ಒಂದು ಆದೇಶದಿಂದ ಒಣಗಿ ಹೋಗುವಂಥದಲ್ಲ.

ಹೊರುವವನ ಲೆಕ್ಕ

ಈ ವ್ಯಾಪಾರದ ಲೆಕ್ಕಪುಸ್ತಕ ಹೇಗಿದ್ದೀತೆಂದು ಊಹಿಸುವುದು ಕಷ್ಟವಲ್ಲ. ಬೇರು ಕೊಳೆತು ಹೋಗುವ ಬೆಳೆಯ ನಷ್ಟವನ್ನು ಬೆಲೆಯಲ್ಲಿ ಮೊದಲೇ ಸೇರಿಸಲಾಗಿದೆ. ಕಸ್ಟಮ್ಸಿನವರ ಕೈಗೆ ಬೀಳುವ ಸೂಟ್‌ಕೇಸಿನ ನಷ್ಟವೂ ಅದೇ ಸಾಲಿನಲ್ಲಿದೆ. ಕಿಲೋಗೆ ಕೋಟಿ ಬೆಲೆಯ ಮಾಲಿನಲ್ಲಿ ಕೆಲವು ಪೆಟ್ಟಿಗೆ ಹೋದರೂ ಉಳಿದವು ಲಾಭ ತರುತ್ತವೆ. ಸೂಟ್‌ಕೇಸ್ ಹೊತ್ತು ತಂದವನ ಹೆಸರು ಮಾತ್ರ ಆ ಪುಸ್ತಕದಲ್ಲಿ ಇಲ್ಲ. ಅವನು ಬೇರು ಹಿಡಿಯದ ಗೆಲ್ಲು. ತಾಯಿ ಗಿಡ ಎಲ್ಲೋ ಸುರಕ್ಷಿತವಾಗಿರುತ್ತದೆ, ಇನ್ನೊಂದು ಗೆಲ್ಲು ಕತ್ತರಿಸಿದರಾಯಿತು.

ಆಮಿಷ ಬರುವ ರೀತಿ ಸರಳ. ಬ್ಯಾಂಕಾಕ್‌ಗೆ ಹೋಗಿ ಬರುವ ಟಿಕೆಟ್, ಹೋಟೆಲ್, ಕೈಖರ್ಚಿಗೆ ಒಂದಿಷ್ಟು ಹಣ. ಬರುವಾಗ 'ಬಟ್ಟೆ', 'ತಿಂಡಿ', 'ಆಟಿಕೆ' ಎಂದು ಒಂದು ಚೀಲ. ಕೆಲಸ ಹೋದವನಿಗೆ, ಸಾಲದಲ್ಲಿರುವವನಿಗೆ, ವಿದೇಶ ನೋಡುವ ಆಸೆಯ ಹುಡುಗಿಗೆ ಇದು ಭಾಗ್ಯದ ಬಾಗಿಲಿನಂತೆ ಕಾಣುತ್ತದೆ. ಕಮಿಷನ್ ಆಸೆಗೆ ತನ್ನ ಬ್ಯಾಂಕ್ ಖಾತೆಯನ್ನು ಅಪರಿಚಿತರ ಹಣ ಹಾಯಿಸಲು ಬಿಟ್ಟುಕೊಟ್ಟವನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವಂತೆಯೇ ಇದೂ. ಹೆಸರು, ಸಹಿ, ಪಾಸ್‌ಪೋರ್ಟ್ ಎಲ್ಲವೂ ಅವನದೇ.

ಕಾನೂನು ನೋಡುವುದು ತೂಕವನ್ನು

'ಅಲ್ಲಿ ಅಂಗಡಿಯಲ್ಲೇ ಮಾರುತ್ತಾರೆ', 'ಶಿವರಾತ್ರಿಗೆ ಭಂಗಿ ಕುಡಿಯುವುದಿಲ್ಲವೇ' ಎಂಬ ವಾದಗಳು ಇಲ್ಲಿ ನಡೆಯುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. ಹೈಡ್ರೋ ಮಾಲು ಎಂದರೆ ಹೂವೇ ಆದ್ದರಿಂದ ಅದಕ್ಕೆ ಈ ರಿಯಾಯಿತಿ ಇಲ್ಲ.

ಶಿಕ್ಷೆ ಬೆಲೆಯ ಮೇಲಲ್ಲ, ತೂಕದ ಮೇಲೆ ನಿರ್ಧಾರವಾಗುತ್ತದೆ. ಗಾಂಜಾಕ್ಕೆ 1 ಕಿಲೋ ತನಕ ಅಲ್ಪ ಪ್ರಮಾಣ, 20 ಕಿಲೋಗಿಂತ ಹೆಚ್ಚಿದ್ದರೆ ವಾಣಿಜ್ಯ ಪ್ರಮಾಣ. ಅಲ್ಪ ಪ್ರಮಾಣಕ್ಕೆ 1 ವರ್ಷದ ತನಕ ಸಜೆ ಅಥವಾ 10 ಸಾವಿರ ರೂಪಾಯಿ ತನಕ ದಂಡ ಅಥವಾ ಎರಡೂ. ಎರಡರ ನಡುವಿನ ಪ್ರಮಾಣಕ್ಕೆ 10 ವರ್ಷದ ತನಕ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿ ತನಕ ದಂಡ. ವಾಣಿಜ್ಯ ಪ್ರಮಾಣಕ್ಕೆ ಕನಿಷ್ಠ 10, ಗರಿಷ್ಠ 20 ವರ್ಷ. ಜಾಮೀನು ಸಿಗುವುದೂ ಬಲು ಕಷ್ಟ. ದೇಶದೊಳಕ್ಕೆ ತಂದವರಿಗೂ ಇದೇ ಅಳತೆ ಅನ್ವಯಿಸುತ್ತದೆ.

'ಚೀಲದಲ್ಲಿ ಏನಿತ್ತೋ ಗೊತ್ತಿರಲಿಲ್ಲ' ಎಂದರೆ ಸಾಲದು. ಕಾಯ್ದೆಯ 35ನೇ ಕಲಮಿನಂತೆ ಆರೋಪಿಗೆ ತಿಳಿದಿತ್ತು ಎಂದೇ ನ್ಯಾಯಾಲಯ ಭಾವಿಸುತ್ತದೆ. ತಿಳಿದಿರಲಿಲ್ಲ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸುವ ಹೊಣೆ ಆರೋಪಿಯದೇ.

ಬಾಡಿಗೆ ಮನೆಯ ಎಚ್ಚರಿಕೆ

ಅಪಾಯ ವಿಮಾನ ನಿಲ್ದಾಣಕ್ಕೆ ಸೀಮಿತವಲ್ಲ. 2023ರ ಜೂನ್‌ನಲ್ಲಿ ಶಿವಮೊಗ್ಗದಲ್ಲಿ ಬಾಡಿಗೆ ಮನೆಯೊಳಗೆ ದೀಪ, ಫ್ಯಾನುಗಳ ವ್ಯವಸ್ಥೆ ಮಾಡಿ ಗಾಂಜಾ ಬೆಳೆಸುತ್ತಿದ್ದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳನ್ನು ಪೊಲೀಸರು ಬಂಧಿಸಿದರು. ಒಂದು ಕೋಣೆಯಲ್ಲೂ ಇದು ಸಾಧ್ಯ ಎಂಬುದನ್ನು ಆ ಪ್ರಕರಣ ತೋರಿಸಿತು. ಪರವಾನಗಿ ಇಲ್ಲದೆ ಗಾಂಜಾ ಬೆಳೆದರೆ 10 ವರ್ಷದ ತನಕ ಕಠಿಣ ಸಜೆ ಇದೆ.

ಡೊಂಬಿವಲಿ, ಮೀರಾರೋಡ್, ನವಿಮುಂಬಯಿಯಲ್ಲಿ ಜೀವಮಾನದ ಉಳಿತಾಯ ಹಾಕಿ ಎರಡನೆಯ ಫ್ಲ್ಯಾಟ್ ಕೊಂಡು, ಬಾಡಿಗೆಯ ಮೇಲೆ ನಿವೃತ್ತ ಜೀವನ ನಡೆಸುವ ಕನ್ನಡಿಗರು ಅನೇಕರಿದ್ದಾರೆ. ತನ್ನ ಸ್ಥಳವನ್ನು ಇಂಥ ಅಪರಾಧಕ್ಕೆ ತಿಳಿದೂ ಬಳಸಲು ಬಿಟ್ಟ ಮಾಲೀಕನಿಗೂ 25ನೇ ಕಲಮಿನಡಿ ಶಿಕ್ಷೆ ಇದೆ. ಲೀವ್ ಆಂಡ್ ಲೈಸೆನ್ಸ್ ಕರಾರು ನೋಂದಾಯಿಸುವುದು, ಬಾಡಿಗೆದಾರರ ಮಾಹಿತಿಯನ್ನು ಪೊಲೀಸರಿಗೆ ಕೊಡುವುದು, ಮುನ್ಸೂಚನೆ ಕೊಟ್ಟು ಆಗಾಗ ಮನೆ ನೋಡಿ ಬರುವುದು, ಇವನ್ನು ಏಜೆಂಟರ ಮೇಲೆ ಹಾಕಿ ಕುಳಿತುಕೊಳ್ಳಬಾರದು. ಇಬ್ಬರೇ ಇರುವ ಮನೆಗೆ ಮಿತಿಮೀರಿದ ವಿದ್ಯುತ್ ಬಿಲ್, ಸದಾ ಮುಚ್ಚಿದ ಕಿಟಕಿ, ಹೊತ್ತಲ್ಲದ ಹೊತ್ತಿನಲ್ಲಿ ಉರಿಯುವ ದೀಪ ಮತ್ತು ಘಾಟು ವಾಸನೆ ಇದ್ದರೆ ಕೇಳಿ ತಿಳಿಯುವುದು ಮಾಲೀಕನ ಹಕ್ಕೂ ಹೌದು, ಹಿತವೂ ಹೌದು.

ಸಂಘಗಳ ಪಾಲು

ವಿದ್ಯಾರ್ಥಿ ವೇತನ, ಪ್ರತಿಭಾ ಪುರಸ್ಕಾರ, ಅರಸಿನ ಕುಂಕುಮ, ಕ್ರೀಡಾಕೂಟ ಎಲ್ಲವನ್ನೂ ನಮ್ಮ ಸಂಘಗಳು ಚೆನ್ನಾಗಿ ನಡೆಸುತ್ತಿವೆ. ಅದೇ ವೇದಿಕೆಯಲ್ಲಿ ಅರ್ಧ ಗಂಟೆ ಈ ವಿಷಯಕ್ಕೆ ಕೊಟ್ಟರೆ ಖರ್ಚೇನೂ ಇಲ್ಲ. ಸಮುದಾಯದ ವಕೀಲರು, ವೈದ್ಯರು, ನಿವೃತ್ತ ಪೊಲೀಸ್ ಮತ್ತು ಕಸ್ಟಮ್ಸ್ ಅಧಿಕಾರಿಗಳು ನಮ್ಮಲ್ಲೇ ಇದ್ದಾರೆ. ಯುವ ವಿಭಾಗದವರಿಗೆ ಅವರು ಹೇಳಬೇಕಾದ ಮಾತು ಒಂದೇ: ಬೇರೆಯವರು ಟಿಕೆಟ್ ಕೊಟ್ಟ ಪ್ರವಾಸ ಬೇಡ, ಬೇರೆಯವರು ತುಂಬಿಸಿದ ಚೀಲ ಬೇಡ.

ಮಗ ದಾರಿ ತಪ್ಪಿದ್ದಾನೆ ಎಂದು ಗೊತ್ತಾದ ಮನೆಯವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುವುದೇ ಹೆಚ್ಚು. ಇದೂ ಒಂದು ಬಗೆಯ ಬೇರು ಕೊಳೆ. ಎಲೆ ಬಾಡಿದಾಗ ಹೊರಗೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಬಹಳಷ್ಟು ಹೋಗಿರುತ್ತದೆ. ಚಟಮುಕ್ತಿಗೆ ಕೇಂದ್ರ ಸರಕಾರದ 14446 ಸಹಾಯವಾಣಿ ಇದೆ. ಮಾದಕ ವಸ್ತು ಸಾಗಾಟದ ಮಾಹಿತಿ ಕೊಡಲು 2024ರ ಜುಲೈಯಲ್ಲಿ 'ಮಾನಸ್' ಹೆಸರಿನ 1933 ಸಂಖ್ಯೆ ಆರಂಭವಾಗಿದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಅವಕಾಶವೂ ಕಾಯ್ದೆಯ 64-ಎ ಕಲಮಿನಲ್ಲಿದೆ.

ಎರಡು ಮೂರು ತಲೆಮಾರಿನ ಹಿಂದೆ ಹೋಟೆಲು, ಮಿಲ್ಲು, ಬ್ಯಾಂಕುಗಳಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಈ ನಗರದಲ್ಲಿ ಬೇರೂರಿದ ಕನ್ನಡಿಗರು ಮಕ್ಕಳಿಗೆ ಬಿಟ್ಟು ಹೋದ ದೊಡ್ಡ ಆಸ್ತಿ ಒಳ್ಳೆಯ ಹೆಸರು. ಅದು ಒಂದು ಸೂಟ್‌ಕೇಸಿನ ಬೆಲೆಗೆ ಹರಾಜಾಗದಂತೆ ನೋಡಿಕೊಳ್ಳುವ ಹೊಣೆ ಮನೆಯವರದೂ ಹೌದು, ಸಂಘಗಳದೂ ಹೌದು.