ಶಾಲೆಯಲ್ಲಿ ಬಡಗಿಯ ಹತ್ತರಿ ಬೇಕೆ?

ಕೈಯಿಂದ ಮಾಡುವ ಕೆಲಸಕ್ಕೆ ತಲೆ ಬೇಕಿಲ್ಲವೆಂಬ ಭಾವನೆ ನಮ್ಮ ವಿದ್ಯಾವಂತರಲ್ಲಿ ಆಳವಾಗಿ ಬೇರೂರಿದೆ. ಹುಡುಗ ಓದಿನಲ್ಲಿ ಹಿಂದೆ ಬಿದ್ದರೆ ಸಾಕು, "ಬಡಗಿ ಕೆಲಸಕ್ಕಾದರೂ ಹಾಕಿ" ಎಂದು ಹೇಳುವ ಪೋಷಕರುಂಟು, ಅದಕ್ಕೆ ತಲೆದೂಗುವ ಉಪಾಧ್ಯಾಯರೂ ಉಂಟು. ಆ 'ಆದರೂ' ಎಂಬ ಮೂರು ಅಕ್ಷರದಲ್ಲಿ ನಮ್ಮ ಶಿಕ್ಷಣದ ದೋಷವೆಲ್ಲ ಅಡಗಿದೆ ಎಂದು ನನ್ನ ಅಭಿಪ್ರಾಯ. ಇದನ್ನು ಬರಿಯ ಮಾತಿನಲ್ಲಿ ವಾದಿಸುವುದಕ್ಕಿಂತ ಒಂದು ಚಿಕ್ಕ ಕೆಲಸವನ್ನು ಎತ್ತಿಕೊಂಡು ನೋಡುವುದು ಮೇಲು. ಆ ಕೆಲಸವೆಂದರೆ ಬಾಗಿಲಿನ ಉಬ್ಬು ಹಲಗೆ, ಎಂದರೆ ನಡುವೆ ದಿಣ್ಣೆಯಂತೆ ಎದ್ದು ನಾಲ್ಕು ಕಡೆಗೂ ಇಳಿಜಾರಾಗಿ ಚೌಕಟ್ಟಿನೊಳಗೆ ಸೇರಿಕೊಳ್ಳುವ ಹಲಗೆ. ಬಡಗಿಗಳು ಈಗ ಅದನ್ನು ಪ್ಯಾನೆಲ್ ಎನ್ನುತ್ತಾರೆ.

ಆಸ್ಪರಿಯ ಸುತ್ತಿನ ಊರುಗಳಲ್ಲಿ, ಆದವಾನಿ ಆಲೂರುಗಳ ಹಳೆಯ ಬೀದಿಗಳಲ್ಲಿ, ಮಾಳಿಗೆ ಮನೆಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಗೋಡೆ ಮಣ್ಣಿನದಾದರೂ, ತೊಲೆ ಜಂತಿಗಳು ಸೊಟ್ಟಗಿದ್ದರೂ ತಲೆಬಾಗಿಲಿಗೆ ಮಾತ್ರ ಮನೆಯವರು ಕೈಬಿಚ್ಚಿ ಖರ್ಚು ಮಾಡುತ್ತಿದ್ದರು. ಬಾಗಿಲುವಾಡ ನಿಲ್ಲಿಸುವ ದಿನ ಹೊಸ್ತಿಲಿಗೆ ಅರಿಸಿನ ಕುಂಕುಮ, ಮಾವಿನ ತೋರಣ, ಬಡಗಿಗೆ ತಾಂಬೂಲ ಇವೆಲ್ಲ ಇರುತ್ತಿದ್ದವು. ಅಂಥ ಬಾಗಿಲಲ್ಲಿ ಉಬ್ಬು ಹಲಗೆ ಕಂಡರೆ ವಿದ್ಯಾರ್ಥಿಗಳು ಒಂದು ಕ್ಷಣ ನಿಂತು ನೋಡಬೇಕು. ಏಪ್ರಿಲ್ ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿದಾಗ ನೋಡಿದರೆ ಹಲಗೆಯ ಪಕ್ಕದಂಚಿನಲ್ಲಿ, ಚೌಕಟ್ಟಿಗೆ ತಾಗಿದ ಕಡೆ, ಬಣ್ಣ ಹತ್ತದ ಒಂದು ಸಣ್ಣ ಗೆರೆ ಕಾಣುತ್ತದೆ. ಮಳೆ ಹಿಡಿದ ಮೇಲೆ ನೋಡಿರಿ, ಆ ಗೆರೆ ಮಾಯವಾಗಿರುತ್ತದೆ! ಬಾಗಿಲು ಹಾಳಾಯಿತೆಂದು ಕೆಲವರು ಆ ಸಂದಿಗೆ ಮೇಣ ತುಂಬಿಸುತ್ತಾರೆ. ಬಾಗಿಲು ಹಾಳಾಗಿಲ್ಲ, ತನ್ನ ಕೆಲಸ ತಾನು ಮಾಡುತ್ತಿದೆ.

ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಆದರೆ ಈ ಹಿಗ್ಗು ಕುಗ್ಗು ನಾರಿಗೆ ಅಡ್ಡಲಾಗಿ ಮಾತ್ರ; ನಾರಿನ ಉದ್ದಕ್ಕೆ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ. ತೇಗ ಇದರಲ್ಲಿ ಬಹಳ ಶಾಂತ ಸ್ವಭಾವದ ಮರ. ಹಾಗಿದ್ದೂ ಒಂದಡಿ ಅಗಲದ ತೇಗದ ಹಲಗೆ ಕಡುಬೇಸಿಗೆಯಿಂದ ಮಳೆಗಾಲಕ್ಕೆ ಸುಮಾರು 2 ಮಿಲಿಮೀಟರ್ ಅಗಲವಾಗಬಲ್ಲದು. ಅಂಥ ಹಲಗೆಯನ್ನು ನಾಲ್ಕು ಕಡೆಯೂ ಅಂಟು ಹಾಕಿ ಮೊಳೆ ಬಡಿದು ಬಿಗಿದರೆ ಏನಾಗುತ್ತದೆ? ಕುಗ್ಗಲು ಎಡೆಯಿಲ್ಲದೆ ನಟ್ಟನಡುವೆ ಸೀಳುತ್ತದೆ; ಇಲ್ಲವೆ ಹಿಗ್ಗಿ ಚೌಕಟ್ಟಿನ ಕೂಡುಗಳನ್ನೇ ಬಿಚ್ಚುತ್ತದೆ. ಆದ್ದರಿಂದ ಬಡಗಿ ಚೌಕಟ್ಟಿನ ಪಟ್ಟಿಗಳನ್ನು ಮಾತ್ರ ಬಿಗಿದು, ಅವುಗಳ ಒಳಮೈಯಲ್ಲಿ ತೋಡು ತೆಗೆದು (ನಮ್ಮ ಕಡೆಯ ತೆಲುಗು ಬಡಗಿಗಳು ಇದನ್ನು ಗಾಡಿ ಎನ್ನುತ್ತಾರೆ) ಹಲಗೆಯನ್ನು ಆ ತೋಡಿನಲ್ಲಿ ಸಡಿಲವಾಗಿ ಬಿಡುತ್ತಾನೆ. ಅಂಟು ಇಲ್ಲ, ಮೊಳೆ ಇಲ್ಲ. ಹಲಗೆಯ ನಡುಭಾಗ ಬಲಕ್ಕಾಗಿ ದಪ್ಪವಿರಬೇಕು, ಅಂಚು ತೋಡಿಗೆ ಹಿಡಿಸುವಷ್ಟು ತೆಳುವಿರಬೇಕು. ಈ ಎರಡು ಅಗತ್ಯಗಳ ನಡುವೆ ಹುಟ್ಟಿದ್ದೇ ಆ ಇಳಿಜಾರು. ನಾವು ಅಲಂಕಾರವೆಂದು ಮೆಚ್ಚುವುದು ಅಸಲಿಗೆ ಒಂದು ಉತ್ತರ.

ಈಗ ಅಂಗಡಿಗಳಲ್ಲಿ ಸಿಗುವ ಒತ್ತುಹಾಳೆಯ ಬಾಗಿಲನ್ನು ನೋಡಿರಿ. ಮರದ ಪುಡಿಯನ್ನು ಅಂಟಿನೊಡನೆ ಕಾಯಿಸಿ ಒತ್ತಿದ ತೆಳು ಹಾಳೆ. ಅದರ ಮೇಲೆ ಆರು ಉಬ್ಬು ಹಲಗೆಗಳ ಆಕಾರ, ನಾರಿನ ಗೆರೆಗಳೂ ಸಹ. ಅಲ್ಲಿ ಹಿಗ್ಗುವ ಹಲಗೆಯಿಲ್ಲ, ತೋಡಿಲ್ಲ, ಇಳಿಜಾರಿಗೆ ಕೆಲಸವೇ ಇಲ್ಲ. ಅದು ರಾಜನ ವೇಷ ಹಾಕಿ ರಂಗಸ್ಥಳಕ್ಕೆ ಬಂದು ಮಾತೇ ಆಡದೆ ನಿಂತ ಪಾತ್ರಧಾರಿಯಂತೆ. ಅಗ್ಗದ ಬಾಗಿಲು ಕೊಳ್ಳುವವರನ್ನು ನಾನು ದೂರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಕೈಯಲ್ಲಿರುವ ಹಣಕ್ಕೆ ತಗಡಿನ ಬಾಗಿಲು ಸಿಕ್ಕರೂ ಅದು ಬಾಗಿಲೇ. ನನ್ನ ತಕರಾರು ಕೊಳ್ಳುವವರ ಮೇಲಲ್ಲ, ಕಲಿಸುವವರ ಮೇಲೆ.

ಇಂಥ ಹಲಗೆಯನ್ನು ಕೈಹತ್ತರಿಯಿಂದ ಮಾಡುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹತ್ತರಿಗೆ ಕೀಸುಳಿ, ಉಜ್ಜುಗೊರಡು ಎಂದೂ ಹೆಸರುಂಟು. ತೆಲುಗಿನವರು ಚಿತ್ರಿಕ ಎನ್ನುತ್ತಾರೆ. ಮುಸಲ್ಮಾನ ಬಡಗಿಗಳ ಬಾಯಲ್ಲಿ ಅದು ರಂದಾ, ಪಾರಸಿಯಿಂದ ಬಂದ ಮಾತು. ನಮ್ಮ ಗಡಿನಾಡಿನ ಕೆಲಸಗಾರನಿಗೆ ಈ ಮೂರೂ ಗೊತ್ತು, ಮೂರನ್ನೂ ಒಂದೇ ವಾಕ್ಯದಲ್ಲಿ ಆಡುವವರೂ ಉಂಟು. ಹತ್ತರಿ ಬಹಳ ಹಳೆಯ ಉಪಕರಣ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪೊಂಪೆ ನಗರದಲ್ಲಿ ಸಿಕ್ಕ ಹತ್ತರಿಗಳನ್ನು ಇಂದಿನ ಬಡಗಿಯ ಕೈಗೆ ಕೊಟ್ಟರೆ ಯಾವ ವಿವರಣೆಯೂ ಇಲ್ಲದೆ ಬಳಸಿಯಾನು.

ಮೊದಲು ಹಲಗೆಯ ಮೈ ಸಮವಾಗಬೇಕು. ಎರಡು ನೇರ ಪಟ್ಟಿಗಳನ್ನು ಹಲಗೆಯ ಎರಡು ತುದಿಯಲ್ಲಿಟ್ಟು, ಒಂದರ ಮೇಲಂಚಿನಿಂದ ಇನ್ನೊಂದರ ಮೇಲಂಚನ್ನು ನೋಡಿದರೆ ತಿರುಚು ಎಲ್ಲಿದೆಯೆಂದು ತಿಳಿಯುತ್ತದೆ. ಉದ್ದ ಹತ್ತರಿಯಿಂದ ಅದನ್ನು ತೆಗೆಯುತ್ತಾರೆ. ಹಿಂದೆ ಭಾರೀ ಹತ್ತರಿಯನ್ನು ಒಬ್ಬ ತಳ್ಳುತ್ತಿದ್ದ, ಎದುರು ಕುಳಿತವನು ಎಳೆಯುತ್ತಿದ್ದ. ಹಲಗೆ ನೆಲದ ಮೇಲೆ, ಹಿಡಿತ ಕಾಲ್ಬೆರಳಿನದು. ಆಮೇಲೆ ಮೂಲೆಮಟ್ಟ ಹಿಡಿದು ಅಂಚುಗಳನ್ನು ಲಂಬ ಮಾಡಿ, ನಡುದಿಣ್ಣೆಯ ಗಡಿಗೆರೆಯನ್ನು ಚೂಪಾದ ಮೊನೆಯಿಂದ ಕೊಯ್ದು ಗುರುತು ಮಾಡಬೇಕು. ಸೀಸದ ಕಡ್ಡಿಯ ಗೆರೆ ಇಲ್ಲಿ ಸಾಲದು. ನಾರು ಮೊದಲೇ ಕಡಿದಿದ್ದರೆ ಮಾತ್ರ ಹತ್ತರಿ ಹೋದಾಗ ಮೇಲ್ಮೈ ಕಿತ್ತುಬರುವುದಿಲ್ಲ.

ಅಳತೆಯ ಮಾತಿಗೆ ಬರೋಣ. 20 ಮಿಲಿಮೀಟರ್ ದಪ್ಪದ ಹಲಗೆಯೆಂದಿಟ್ಟುಕೊಳ್ಳಿ. ದಿಣ್ಣೆಯ ಅಂಚಿನಲ್ಲಿ 3 ಮಿಲಿಮೀಟರ್ ಮೆಟ್ಟಿಲು ಇಳಿಸಿದರೆ ಉಳಿಯುವುದು 17. ಅಲ್ಲಿಂದ 28 ಮಿಲಿಮೀಟರ್ ಅಗಲದ ಜಾರು, 10 ಮಿಲಿಮೀಟರ್ ದಪ್ಪಕ್ಕೆ ಇಳಿಯುತ್ತದೆ. ಇಳಿತ 7, ಅಗಲ 28. ಹತ್ತನೆಯ ತರಗತಿಯ ತ್ರಿಕೋನಮಿತಿಯಲ್ಲಿ ಟ್ಯಾನ್ ಬೆಲೆ ಕಾಲು, ಕೋನ ಸುಮಾರು 14 ಡಿಗ್ರಿ. ಅದರಾಚೆ 16 ಮಿಲಿಮೀಟರ್ ಅಗಲದ ಸಮತಟ್ಟಾದ ನಾಲಿಗೆ. ತೋಡಿನ ಆಳ 15. ನಾಲಿಗೆ ಅದರೊಳಗೆ 12ರಷ್ಟು ಮಾತ್ರ ಹೋಗುವಂತೆ ಹಲಗೆಯನ್ನು ಕೊಯ್ದರೆ ಪ್ರತಿ ಪಕ್ಕಕ್ಕೂ 3 ಮಿಲಿಮೀಟರ್ ಹಿಗ್ಗುವ ಜಾಗ ಸಿಗುತ್ತದೆ. ನಾಲಿಗೆ ಏಕೆ ಬೇಕು, ಜಾರನ್ನೇ ನೇರವಾಗಿ ತೋಡಿಗೆ ನುಗ್ಗಿಸಬಾರದೆ ಎಂದು ಕೇಳಬಹುದು. ಜಾರು ಬೆಣೆಯ ಆಕಾರದ್ದು. ಹಲಗೆ ಹಿಗ್ಗಿದಾಗ ಅದು ಬೆಣೆಯಂತೆಯೇ ನುಗ್ಗಿ ತೋಡಿನ ತುಟಿಯನ್ನು ಸೀಳುತ್ತದೆ. ಅವಸರದ ಕೆಲಸದಲ್ಲಿ ಇದನ್ನು ಲೆಕ್ಕಿಸುವವರು ಕಡಮೆ.

ಜಾರು ಹೊಡೆಯುವಾಗ ಮೊದಲು ನಾರಿಗೆ ಅಡ್ಡವಾದ ಎರಡು ತುದಿಗಳನ್ನು, ಅನಂತರ ಉದ್ದದ ಎರಡು ಅಂಚುಗಳನ್ನು ತೆಗೆದುಕೊಳ್ಳಬೇಕು. ಅಡ್ಡನಾರಿನಲ್ಲಿ ಹತ್ತರಿ ಆಚೆ ತುದಿ ದಾಟುವಾಗ ಮೂಲೆ ಸಿಡಿಯುವುದು ಸಹಜ. ಮೊದಲು ಸಿಡಿದರೆ ಆ ಗಾಯ ಉದ್ದನಾರಿನ ಹೊಡೆತದಲ್ಲಿ ಹೋಗಿಬಿಡುತ್ತದೆ. ಕ್ರಮ ತಿರುವು ಮುರುವಾದರೆ ಗಾಯ ಉಳಿಯುತ್ತದೆ. ಕೆಲಸ ನಡುವೆ ನಿಲ್ಲಿಸಿ, ಅದೇ ತೋಡು ತೆಗೆದ ಒಂದು ಚೂರು ಮರವನ್ನು ಅಂಚಿನುದ್ದಕ್ಕೂ ಜಾರಿಸಿ ನೋಡಬೇಕು. ಎಲ್ಲಿ ಬಿಗಿಯೋ ಅಲ್ಲಿ ಇನ್ನೊಂದು ಎಳೆ ಚಕ್ಕೆ. ನಾಲ್ಕು ಜಾರುಗಳು ಮೂಲೆಯಲ್ಲಿ ಒಂದೇ ಕರ್ಣರೇಖೆಯ ಮೇಲೆ ಕೂಡಿದರೆ ಕೆಲಸ ಸರಿಯಾಯಿತೆಂದು ಅರ್ಥ. ಈ ಪರೀಕ್ಷೆಗೆ ಉಪಾಧ್ಯಾಯರು ಅಂಕ ಕೊಡಬೇಕಾಗಿಲ್ಲ, ಮೂಲೆಯೇ ಕೊಡುತ್ತದೆ. ತೇಗದಲ್ಲಿ ಮರಳಿನ ಅಂಶವಿರುವುದರಿಂದ ಅಲಗು ಬೇಗ ಮೊಂಡಾಗುತ್ತದೆ. ನಮ್ಮ ಹೊಲದ ಬದುವಿನ ಬೇವಿನಲ್ಲಿ ನಾರು ಒಂದು ಪಟ್ಟಿ ಈ ಕಡೆಗೆ, ಒಂದು ಪಟ್ಟಿ ಆ ಕಡೆಗೆ ಹೆಣೆದಿರುತ್ತದೆ. ಅದಕ್ಕೆ ಅಲಗನ್ನು ಕಡಿದಾಗಿ ನಿಲ್ಲಿಸಿದ ಹತ್ತರಿಯೂ ತಾಳ್ಮೆಯೂ ಬೇಕು.

ಋತುವಿನ ಲೆಕ್ಕ ಇನ್ನೂ ಸೊಗಸು. ವೈಶಾಖದಲ್ಲಿ ಕೂಡಿಸಿದ ಹಲಗೆ ಮುಂದೆ ಹಿಗ್ಗಲಿದೆ, ಆದ್ದರಿಂದ ಸಡಿಲ ಬಿಡಬೇಕು. ಭಾದ್ರಪದದಲ್ಲಿ ಕೂಡಿಸಿದ್ದು ಮುಂದೆ ಕುಗ್ಗಲಿದೆ, ಆದ್ದರಿಂದ ತೋಡು ತುಂಬುವಂತೆ ಕೂಡಿಸಬೇಕು. ಬಡಗಿಗೆ ಪಂಚಾಂಗ ಬೇಕಾಗುವುದು ಮುಹೂರ್ತಕ್ಕಷ್ಟೇ ಅಲ್ಲ ಎಂದಾಯಿತು.

ಇಷ್ಟು ಭೌತಶಾಸ್ತ್ರ, ರೇಖಾಗಣಿತ, ಸಸ್ಯಶಾಸ್ತ್ರಗಳು ಒಂದು ಹಲಗೆಯಲ್ಲಿ ಕೂಡಿರುವಾಗ ಅದನ್ನು ಓದಲಾರದವರ ಪಾಲಿಗೆ ಬಿಡುವುದು ಯಾವ ನ್ಯಾಯ?

ಯಂತ್ರವಿರುವಾಗ ಇದೆಲ್ಲ ಏಕೆಂಬುದು ಮೊದಲ ಆಕ್ಷೇಪಣೆ. ಯಂತ್ರ ಇದನ್ನು ನಿಮಿಷಗಳಲ್ಲಿ ಮಾಡುತ್ತದೆ, ನಿಜ. ಹೊಟ್ಟೆಪಾಡಿಗೆ ಬಾಗಿಲು ಮಾಡುವವನು ಯಂತ್ರ ಹಿಡಿಯಲಿ. ಆದರೆ ನಿಮಿಷಕ್ಕೆ ಹತ್ತು ಸಾವಿರ ಸುತ್ತು ತಿರುಗುವ ಅಲಗನ್ನು ಹದಿಮೂರು ವರ್ಷದ ಮಗುವಿನ ಕೈಗೆ ಕೊಡುವಂತಿಲ್ಲ. ಹತ್ತರಿ ಕೊಡಬಹುದು. ಮೇಲಾಗಿ ಯಂತ್ರಕ್ಕೆ ನಾರಿನ ದಿಕ್ಕು ಕಾಣದು, ಕೈಗೆ ತಕ್ಷಣ ತಿಳಿಯುತ್ತದೆ. ಯಂತ್ರದಿಂದ ನಿಖರವಾಗಿ ಕೊರೆದ ಹಲಗೆಗೆ ಸುತ್ತಲೂ ಅಂಟು ಸುರಿದು ಬಿಗಿದ ಬಾಗಿಲುಗಳನ್ನು ನಾನು ಕಂಡಿದ್ದೇನೆ. ಒಂದು ಬೇಸಿಗೆ ಕಳೆಯುವುದರೊಳಗೆ ಸೀಳಿದ್ದವು. ಆಕಾರ ಬಂದಿತ್ತು, ಕಾರಣ ಬಂದಿರಲಿಲ್ಲ.

ಎರಡನೆಯ ಆಕ್ಷೇಪಣೆ ಹೆಚ್ಚು ತೂಕದ್ದು. ಬಡವರ ಮಕ್ಕಳಿಗೆ ಶಾಲೆಯಲ್ಲೂ ಕಸುಬು ಕಲಿಸಿದರೆ ಅವರನ್ನು ಕುಲಕಸುಬಿಗೇ ಕಟ್ಟಿಹಾಕಿದಂತಲ್ಲವೆ? ಇದು ಕಲ್ಪನೆಯ ಭಯವಲ್ಲ. 1953ರಲ್ಲಿ ರಾಜಾಜಿಯವರ ಸರಕಾರ ಮದ್ರಾಸ್ ರಾಜ್ಯದ ಗ್ರಾಮಶಾಲೆಗಳಲ್ಲಿ ಅರ್ಧ ಹೊತ್ತು ಪಾಠ, ಉಳಿದ ಹೊತ್ತು ತಂದೆತಾಯಿಯರ ಕಸುಬು ಎಂಬ ಯೋಜನೆ ತಂದಿತು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದವಾನಿ ಆಲೂರುಗಳೂ ಬಳ್ಳಾರಿ ಜಿಲ್ಲೆಯೊಳಗಿದ್ದು ಮದ್ರಾಸಿಗೇ ಸೇರಿದ್ದವು. ಅದು ಕುಲಶಿಕ್ಷಣವೆಂದು ಜನ ತೀವ್ರವಾಗಿ ವಿರೋಧಿಸಿದರು. 1954ರಲ್ಲಿ ಕಾಮರಾಜರು ಅದನ್ನು ಕೈಬಿಟ್ಟರು. ಕೈಬಿಟ್ಟದ್ದು ಸರಿಯೇ. ಅಲ್ಲಿನ ತಪ್ಪು ಕಸುಬಿನಲ್ಲಿ ಇರಲಿಲ್ಲ, ತಂದೆಯ ಕಸುಬು ಮಗನಿಗೆ ಎಂಬ ಕಟ್ಟಿನಲ್ಲಿ ಇತ್ತು. ಶಾಲೆಯ ಕಟ್ಟೆಯ ಮೇಲೆ ಗೌಡರ ಮಗ, ಕುರುಬರ ಮಗ, ಅಂಗಡಿಯವರ ಮಗಳು, ಬಡಗಿಯ ಮಗ ಎಲ್ಲರೂ ಒಂದೇ ಹತ್ತರಿ ಹಿಡಿದರೆ ಅದೇ ಕೆಲಸದ ಅರ್ಥ ಬದಲಾಗುತ್ತದೆ. ಹೆಣ್ಣುಮಕ್ಕಳಿಗಂತೂ ಈ ವಿದ್ಯೆಯ ಬಾಗಿಲು ಇದುವರೆಗೆ ಯಾವ ಮನೆಯಲ್ಲಿಯೂ ತೆರೆದದ್ದು ಅಪರೂಪ. ಅದನ್ನು ತೆರೆಯಬಲ್ಲದ್ದು ಶಾಲೆ.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. 1937ರ ವಾರ್ಧಾ ಸಮ್ಮೇಳನದಿಂದ ಹಿಡಿದು 1964-66ರ ಕೊಠಾರಿ ಆಯೋಗದವರೆಗೆ ದೊಡ್ಡವರು ಇದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳಿದ್ದಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಸ್ಥಳೀಯ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಬೇಕೆಂದು ಬಡಗಿಯ ಹೆಸರನ್ನೇ ಎತ್ತಿ ಹೇಳಿದೆ. ಹತ್ತು ದಿನ ಸಾಲದು, ಆದರೂ ಅದು ಆರಂಭ. 2023ರ ಸೆಪ್ಟೆಂಬರ್ 17ರಂದು ಮೊದಲಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ತರಬೇತಿ, ಉಪಕರಣಕ್ಕೆ 15,000 ರೂಪಾಯಿ ಎಂದು ಗೊತ್ತುಮಾಡಿತು. ಆದರೆ ಅದು 18 ವರ್ಷ ತುಂಬಿ ಆಗಲೇ ಕಸುಬಿನಲ್ಲಿರುವವರಿಗೆ. ಕಸುಬಿಗೆ ಬರಲೇಬಾರದೆಂದು ಹದಿನಾಲ್ಕರಲ್ಲೇ ನಿಶ್ಚಯಿಸಿಬಿಟ್ಟ ಹುಡುಗನಿಗೆ ಅದರಿಂದೇನು?

ನಮ್ಮ ಭಾಗದಲ್ಲಿ ಈ ಪ್ರಶ್ನೆ ಬರಿಯ ಚರ್ಚೆಯದಲ್ಲ. ಸುಗ್ಗಿ ಎಂದರೆ ಕನ್ನಡದಲ್ಲಿ ಸಂಭ್ರಮದ ಮಾತು. ನಮ್ಮಲ್ಲಿ 'ಸುಗ್ಗಿಗೆ ಹೋದರು' ಎಂದರೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಗುಂಟೂರಿನ ಕಡೆಗೆ ಸಂಸಾರ ಸಮೇತ ವಲಸೆ ಹೋದರೆಂದು ಅರ್ಥ. ಹಾಜರಿ ಪುಸ್ತಕದಲ್ಲಿ ಆ ಮಕ್ಕಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಸೊನ್ನೆ. ಒಂದು ಹತ್ತರಿ ವಲಸೆಯನ್ನು ನಿಲ್ಲಿಸಿಬಿಡುತ್ತದೆಂದು ಹೇಳುವಷ್ಟು ಭೋಳೆ ನಾನಲ್ಲ. ಆದರೆ ಬೆಂಗಳೂರು, ಹೈದರಾಬಾದುಗಳಿಗೆ ಕೂಲಿಗೆಂದು ಹೋಗುವ ಹುಡುಗನಿಗೆ ಮರದ ನಾರು ಓದಲು ಬಂದರೆ ಅವನು ಮೂಟೆ ಹೊರುವ ಸಾಲಿನಲ್ಲಿ ನಿಲ್ಲುವುದಿಲ್ಲ; ಕೆಲಸದ ಸಾಲಿನಲ್ಲಿ ನಿಲ್ಲುತ್ತಾನೆ. ಎರಡರ ಕೂಲಿಯಲ್ಲಿ ವ್ಯತ್ಯಾಸವೆಷ್ಟೆಂದು ಹೋಗಿಬಂದವರನ್ನು ಕೇಳಿರಿ.

ಖರ್ಚಿನ ಮಾತು. ಹೊಸ ತೇಗ ಕೊಳ್ಳುವುದು ನಮ್ಮ ಶಾಲೆಯ ಶಕ್ತಿಗೆ ಮೀರಿದ್ದು, ಬೇಕಾಗಿಯೂ ಇಲ್ಲ. ಮಾಳಿಗೆ ಮನೆ ಕೆಡವಿದಾಗ ಬರುವ ಹಳೆಯ ಜಂತಿ, ಮುರಿದ ಬಾಗಿಲುಗಳು ಚೆನ್ನಾಗಿ ಒಣಗಿದ ಮರ. ಮೊಳೆಗಳನ್ನು ಹುಡುಕಿ ಕಿತ್ತರಾಯಿತು, ಒಂದು ಮೊಳೆ ಉಳಿದರೂ ಅಲಗು ಹೋಯಿತು. ಕೆಲಸದ ಕಟ್ಟೆಗೆ ಜಾಲಿಯ ದಿಮ್ಮಿ ಆಗುತ್ತದೆ. ಆರು ಹತ್ತರಿ, ನಾಲ್ಕು ಉಳಿ, ಒಂದು ಕೊಡತಿ, ಎರಡು ಗರಗಸ, ಒಂದು ಸಾಣೆಕಲ್ಲು. ವಾರಕ್ಕೆ ಎರಡು ಪಿರಿಯಡ್. ಮೊದಲ ತಿಂಗಳೆಲ್ಲ ಅಲಗು ಮಸೆಯುವುದೇ ಆಗಲಿ, ಮಸೆಯಲು ಬಾರದವನಿಗೆ ಹತ್ತರಿ ಬರಿಯ ಮರದ ತುಂಡು. ಕಲಿಸಲು ಊರಿನಲ್ಲಿ ಹಿರಿಯ ಬಡಗಿಗಳಿದ್ದಾರೆ. ಅವರನ್ನು ಕರೆಯುವಾಗ ಉಪಾಧ್ಯಾಯರ ಕೊಠಡಿಯಲ್ಲಿ ಕುರ್ಚಿ ಕೊಟ್ಟು ಕೂಡಿಸಬೇಕು, ಗೌರವಧನ ಆಯಾ ತಿಂಗಳೇ ಸಲ್ಲಬೇಕು.

ಮೊದಲ ತಂಡಕ್ಕೆ ಕೆಲಸವೂ ಸಿದ್ಧವಿದೆ. ವಿಜ್ಞಾನ ಕೊಠಡಿಯ ಕಪಾಟಿನ ಎಡಬಾಗಿಲಿನ ಪ್ಲೈವುಡ್ ಪದರು ಪದರಾಗಿ ಎದ್ದುಬಂದಿದೆ. ಅದನ್ನು ಬಿಚ್ಚಿ, ಚೌಕಟ್ಟು ಹಾಗೆಯೇ ಉಳಿಸಿಕೊಂಡು, ಅದರ ಒಳಮೈಯಲ್ಲಿ 15 ಮಿಲಿಮೀಟರ್ ಆಳದ ತೋಡು ತೆಗೆದು ಎರಡು ಉಬ್ಬು ಹಲಗೆ ಕೂಡಿಸಬಹುದು. ಬೇಸಿಗೆ ರಜೆಗೆ ಮೊದಲು ಕೂಡಿಸುವುದಾದರೆ ಸಡಿಲ ಬಿಡುವುದನ್ನು ಮಾತ್ರ ಮರೆಯಬಾರದು.